"ಛಾನ್ಸ್ ಎಷ್ಟಿದೆ ಅಣ್ಣಾ?": ನಮ್ಮ ಬಳಿ ಉತ್ತರ ಇರಲಿಲ್ಲ

ಗೂಡಿನ ದರದ ಸುದ್ದಿ ಮಾಡಲು ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ಹೋಗಿದ್ದೆವು. ಹರಾಜು ಮುಗಿದ ಮೇಲೆ ಪರಿಚಯದ ರೀಲರ್ ಒಬ್ಬರು ಟೀ ಕುಡಿಸುತ್ತಾ, "ಸಾರ್, ನಮ್ಮ ಹುಡುಗಿ ಎಂಬಿಬಿಎಸ್ ಎರಡನೇ ವರ್ಷ. ನಿಮ್ಮತ್ರ ಏನೋ ಕೇಳ್ಬೇಕಂತೆ" ಎಂದು ಫೋನ್ ಮಾಡಿ ಕೈಗೆ ಕೊಟ್ಟರು.

"ಅಣ್ಣಾ, ಎಂ.ಡಿ.-ಪಿಎಚ್.ಡಿ. ಅಂತ ಒಂದು ಕೋರ್ಸ್ ಇದೆಯಂತಲ್ಲ. ಡಾಕ್ಟ್ರೂ ಆಗಬಹುದು, ಸಂಶೋಧನೆನೂ ಮಾಡಬಹುದಂತೆ. ನನ್ನಂಥವಳಿಗೆ ಸಿಗೋ ಛಾನ್ಸ್ ಎಷ್ಟಿದೆ?"

ನಮಗೆ ಗೊತ್ತಿರಲಿಲ್ಲ. "ವಿಚಾರಿಸಿ ಹೇಳ್ತೀವಮ್ಮ" ಅಂದು ಫೋನ್ ವಾಪಸ್ ಕೊಟ್ಟೆವು. ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಬರುವಾಗ ನಾಚಿಕೆ ಆಯಿತು. ನೀಟ್ ಫಲಿತಾಂಶ ಬಂದ ದಿನ ಯಾವ ಕಾಲೇಜಿನ ಯಾವ ಹುಡುಗನಿಗೆ ಎಷ್ಟನೇ ರ‍್ಯಾಂಕ್ ಎಂದು ಹತ್ತು ನಿಮಿಷದಲ್ಲಿ ಬರೆದು ಕಳಿಸುವ ನಾವು, ಡಾಕ್ಟರಾಗುತ್ತಿರುವ ಹುಡುಗಿಯೊಬ್ಬಳು ಅದರ ಮುಂದಿನ ಹೆಜ್ಜೆ ಕೇಳಿದರೆ ಬಾಯಿ ಮುಚ್ಚಿಕೊಳ್ಳಬೇಕಾಯಿತು.

ಆಮೇಲೆ ಕೆಲವು ವಾರ ಓದಿದೆವು, ಕೇಳಿದೆವು. ಆ ಹುಡುಗಿಗೆ ಹೇಳಬೇಕಾದ್ದನ್ನು ಇಲ್ಲಿ ಎಲ್ಲರಿಗೂ ಹೇಳುತ್ತಿದ್ದೇವೆ. ಜೊತೆಗೆ ನಮ್ಮ ಕಸುಬಿನ ಬಗ್ಗೆ ಒಂದು ತಪ್ಪೊಪ್ಪಿಗೆಯೂ ಇದೆ.

ಮೊದಲು ನಮ್ಮ ತಪ್ಪು

ಕೆಲವು ವರ್ಷಗಳ ಹಿಂದೆ ಒಂದು ಕೋಚಿಂಗ್ ಕೇಂದ್ರದವರು ಪತ್ರಿಕೆಗೆ ಅರ್ಧ ಪುಟ ಜಾಹೀರಾತು ಕೊಟ್ಟರು. ಜಾಹೀರಾತು ತಂದರೆ ನಮಗೆ ಕಮಿಷನ್. ನಮ್ಮಂಥ ಸ್ಟ್ರಿಂಗರ್‌ಗಳಿಗೆ ಸುದ್ದಿಗಿಂತ ಅದರಲ್ಲೇ ಹೆಚ್ಚು ದುಡ್ಡು ಬರುತ್ತದೆ ಎನ್ನುವುದು ಈ ಬ್ಲಾಗ್ ಓದುವವರಿಗೆ ಹೊಸದಲ್ಲ. ಜಾಹೀರಾತಿನ ಜೊತೆ ಒಂದು ಸುದ್ದಿಯೂ ಬರಲಿ ಎಂದರು. "ನೂರಕ್ಕೆ ತೊಂಬತ್ತು ಮಂದಿಗೆ ಸೀಟು" ಎಂದು ಅವರು ಹೇಳಿದ್ದನ್ನೇ ಬರೆದು ಕಳಿಸಿದೆವು. ಬಂತು.

ಎರಡು ವರ್ಷ ಬಿಟ್ಟು ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ರೈತರೊಬ್ಬರು ನಮ್ಮನ್ನು ಗುರುತು ಹಿಡಿದರು. "ನೀವೇ ಬರೆದಿದ್ರಲ್ಲ ಸಾರ್, ನೂರಕ್ಕೆ ತೊಂಬತ್ತು ಅಂತ. ನಮ್ಮ ಹುಡುಗನ್ನ ಅಲ್ಲೇ ಹಾಕಿದ್ವಿ. ಎರಡು ಸಲ ಬರೆದ. ಆಗಲಿಲ್ಲ. ಅರ್ಧ ಎಕರೆ ಹೋಯ್ತು." ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು.

ಆಮೇಲೆ ಆ ತೊಂಬತ್ತರ ಲೆಕ್ಕ ಬಿಡಿಸಿ ನೋಡಿದೆವು. ಅದರಲ್ಲಿ ಆಯುರ್ವೇದ, ಹೋಮಿಯೋಪತಿ, ದಂತವೈದ್ಯ, ನರ್ಸಿಂಗ್ ಎಲ್ಲ ಸೇರಿದ್ದವು. ನಡುವೆ ಬಿಟ್ಟುಹೋದವರು ನೂರರ ಲೆಕ್ಕದಲ್ಲೇ ಇರಲಿಲ್ಲ. ಎರಡನೇ, ಮೂರನೇ ಸಲ ಬರೆದು ಗೆದ್ದವರು ಪ್ರತಿ ವರ್ಷವೂ ಹೊಸ ಲೆಕ್ಕದಲ್ಲಿ ಬರುತ್ತಿದ್ದರು. ಸೀಟು ಪಡೆದವರು ಎಷ್ಟು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಎಷ್ಟು ಜನರ ಪೈಕಿ ಎಂದು ನಾವು ಕೇಳಲಿಲ್ಲ. ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ಮೊದಲ ತಿಂಗಳೇ ಹೇಳಿಕೊಟ್ಟಿದ್ದ ಪ್ರಶ್ನೆ ಅದು.

ಯಾವ ಲೆಕ್ಕದ ಯಾವ ಛಾನ್ಸು

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಎಂ.ಡಿ.-ಪಿಎಚ್.ಡಿ. ಎಂದು ಜನ ಕೇಳಿರುವುದು ಹೆಚ್ಚಾಗಿ ಅಮೆರಿಕದ ಕೋರ್ಸ್. 1964ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಇದಕ್ಕೆಂದೇ ಒಂದು ಅನುದಾನ ಯೋಜನೆ ಶುರು ಮಾಡಿತು. ವೈದ್ಯ ಪದವಿ, ಸಂಶೋಧನಾ ಪದವಿ ಎರಡನ್ನೂ ಒಟ್ಟಿಗೆ ಮುಗಿಸಲು ಸುಮಾರು 8 ವರ್ಷ. ಈ ಯೋಜನೆಯಡಿ ಫೀಸೂ ಇಲ್ಲ, ಮೇಲೆ ತಿಂಗಳ ಭತ್ಯೆ.

ಇಲ್ಲಿ ಒಂದು ಹೆಸರಿನ ಗೊಂದಲ ಇದೆ. ಅಲ್ಲಿ ಎಂ.ಡಿ. ಎಂದರೆ ಮೊದಲ ವೈದ್ಯ ಪದವಿ, ಅಂದರೆ ನಮ್ಮ ಎಂಬಿಬಿಎಸ್‌ಗೆ ಸಮ. ನಮ್ಮಲ್ಲಿ ಎಂ.ಡಿ. ಎಂದರೆ ಎಂಬಿಬಿಎಸ್ ಆದ ಮೇಲಿನ ಸ್ನಾತಕೋತ್ತರ ಪದವಿ. ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳು ಎಂಬಿಬಿಎಸ್ ಓದುತ್ತಾ ಅಮೆರಿಕದ ಎಂ.ಡಿ.-ಪಿಎಚ್.ಡಿ. ಕನಸು ಕಾಣುತ್ತಾರೆ. ಅದು ಆಗಲೇ ಹತ್ತಿರುವ ಮೆಟ್ಟಿಲನ್ನು ಇಳಿದು ಮತ್ತೆ ಹತ್ತುವ ದಾರಿ. ಆ ಸರ್ಕಾರದ ಅನುದಾನವೂ ಅಲ್ಲಿನ ಪ್ರಜೆಗಳಿಗೆ ಮತ್ತು ಖಾಯಂ ನಿವಾಸಿಗಳಿಗೆ ಮಾತ್ರ. ಎಂಬಿಬಿಎಸ್ ಆದವರು ಹೊರದೇಶಕ್ಕೆ ಹೋಗಬೇಕೆಂದರೆ ನೇರ ಪಿಎಚ್.ಡಿ.ಗೆ ಅರ್ಜಿ ಹಾಕುವುದೋ, ಅಲ್ಲಿನ ಪರೀಕ್ಷೆ ಬರೆದು ರೆಸಿಡೆನ್ಸಿಗೆ ಹೋಗಿ ಆಮೇಲೆ ಸಂಶೋಧನೆಗೆ ಇಳಿಯುವುದೋ ಆಗುವ ಮಾತು.

ಛಾನ್ಸಿನ ಲೆಕ್ಕಕ್ಕೆ ಬರೋಣ. ಅಮೆರಿಕದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 2 ಸಾವಿರ ಮಂದಿ ಈ ಜೋಡಿ ಪದವಿಗೆ ಅರ್ಜಿ ಹಾಕುತ್ತಾರೆ, ಸುಮಾರು 700 ಮಂದಿ ಸೇರುತ್ತಾರೆ. ಮೂವರಲ್ಲಿ ಒಬ್ಬರು. ನಮ್ಮಲ್ಲಿ 2024ರಲ್ಲಿ ನೀಟ್ ಬರೆದವರು 23 ಲಕ್ಷ ದಾಟಿದ್ದರು, ದೇಶದ ಎಂಬಿಬಿಎಸ್ ಸೀಟು 1 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಇಪ್ಪತ್ತು ಚಿಲ್ಲರೆ ಜನರಲ್ಲಿ ಒಬ್ಬರು. ಹಾಗಾದರೆ ಅಮೆರಿಕದ್ದೇ ಸುಲಭವೇ?

ಅಲ್ಲ. ಆ ಎರಡು ಸಾವಿರ ಮಂದಿ ಅರ್ಜಿ ಹಾಕುವ ಮೊದಲೇ ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು. ತಮ್ಮಿಂದ ಆಗುವುದಿಲ್ಲ ಅನಿಸಿದವರು ಅರ್ಜಿಯನ್ನೇ ಹಾಕಿಲ್ಲ. ಸೋಸುವ ಕೆಲಸ ಬಾಗಿಲ ಹೊರಗೇ ಮುಗಿದಿರುತ್ತದೆ. ನೀಟ್‌ನಲ್ಲಿ ಎಲ್ಲರೂ ಒಳಗೆ ಬಂದ ಮೇಲೆ 180 ಪ್ರಶ್ನೆ, 720 ಅಂಕದಲ್ಲಿ ಸೋಸುತ್ತಾರೆ. ಎರಡರ ಶೇಕಡಾವಾರು ಪಕ್ಕಪಕ್ಕ ಇಟ್ಟರೆ ಸುಳ್ಳೇ ಹೊರಡುವುದು. ಆ ಕೋಚಿಂಗ್ ಕೇಂದ್ರದ ತೊಂಬತ್ತೂ ಇದೇ ಜಾತಿಯ ಸುಳ್ಳು.

ಇನ್ನೊಂದು ವ್ಯತ್ಯಾಸ ಹೆಚ್ಚು ಮುಖ್ಯ. ನೀಟ್ ರ‍್ಯಾಂಕ್ ಗೊತ್ತಾದರೆ ಹಿಂದಿನ ವರ್ಷದ ಕಟ್ ಆಫ್ ನೋಡಿ ಯಾವ ಕಾಲೇಜು ಎಂದು ಅಂದಾಜು ಮಾಡಬಹುದು. ಸಂಶೋಧನೆಯ ಸೀಟಿಗೆ ಅಂಥ ಕೋಷ್ಟಕ ಕೆಲಸ ಮಾಡುವುದಿಲ್ಲ. ಪರೀಕ್ಷೆ ದಾಟಿದ ಮೇಲೂ ಸಂದರ್ಶನದಲ್ಲಿ ಕೇಳುವುದು ನೀವು ಏನು ಮಾಡಿದ್ದೀರಿ, ಏನು ತಪ್ಪಾಯಿತು, ಮುಂದೆ ಏನು ಕೇಳಬೇಕೆಂದಿದ್ದೀರಿ ಎಂದು. ಈ ಛಾನ್ಸನ್ನು ಎಂಬಿಬಿಎಸ್ ಓದುವಾಗಲೇ ಸ್ವಲ್ಪ ಸ್ವಲ್ಪ ಬೆಳೆಸಿಕೊಳ್ಳಬೇಕು.

ಇಲ್ಲಿರುವ ದಾರಿಗಳು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2022ರ ಫೆಬ್ರವರಿಯಲ್ಲಿ ತನ್ನ ಆವರಣದಲ್ಲೇ ವೈದ್ಯಕೀಯ ಶಾಲೆ, 800 ಹಾಸಿಗೆಯ ಆಸ್ಪತ್ರೆ ಕಟ್ಟುವುದಾಗಿ ಘೋಷಿಸಿತು. ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಸೇರಿ ಕೊಟ್ಟ ದೇಣಿಗೆ 425 ಕೋಟಿ ರೂಪಾಯಿ. ಅದರ ಕೇಂದ್ರದಲ್ಲಿರುವುದೇ ಎಂ.ಡಿ.-ಪಿಎಚ್.ಡಿ. ಜೋಡಿ ಪದವಿ. ಇದು ಎಂಬಿಬಿಎಸ್ ಮುಗಿಸಿದವರಿಗೆ. ಚಿಕ್ಕಬಳ್ಳಾಪುರದಿಂದ ಎರಡು ಗಂಟೆಯ ದಾರಿ. ಇಷ್ಟು ದೊಡ್ಡ ವಿಷಯ ನಮ್ಮ ಜಿಲ್ಲೆಯ ಪುಟದಲ್ಲಿ ಒಂದು ಸಾಲೂ ಬಂದಿರಲಿಲ್ಲ. "ಬೆಂಗಳೂರು ಸುದ್ದಿ" ಎಂದು ಬಿಟ್ಟವರು ನಾವೇ.

ಜೋಡಿ ಪದವಿಯೇ ಆಗಬೇಕೆಂದೂ ಇಲ್ಲ. ಎಂಬಿಬಿಎಸ್ ಪದವಿಯ ಮೇಲೆಯೇ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯನ್ನು ಜೀವವಿಜ್ಞಾನದಲ್ಲಿ ಬರೆಯಬಹುದು. ಅಂಕದ ಷರತ್ತು ಇದೆ, ಎಂ.ಎಸ್ಸಿ. ಬೇಕಿಲ್ಲ. ಜೆ.ಆರ್.ಎಫ್. ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37 ಸಾವಿರ ರೂಪಾಯಿ, ಎಸ್.ಆರ್.ಎಫ್. ಆದಾಗ 42 ಸಾವಿರ, ಮನೆ ಬಾಡಿಗೆ ಭತ್ಯೆ ಬೇರೆ. ಮೊದಲು ಎಂ.ಡಿ. ಮುಗಿಸಿ, ಆಮೇಲೆ ಪಿಎಚ್.ಡಿ. ಮಾಡಿದವರೂ ಇದ್ದಾರೆ.

ಆದರೆ ಎರಡನೇ ವರ್ಷದ ಹುಡುಗಿಗೆ ಇವತ್ತು ಬೇಕಾದದ್ದು ಇದ್ಯಾವುದೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1979ರಿಂದ ಎಂಬಿಬಿಎಸ್ ಮಕ್ಕಳಿಗಾಗಿ ಎಸ್‌ಟಿಎಸ್ ಎಂಬ ಅಲ್ಪಾವಧಿ ವಿದ್ಯಾರ್ಥಿವೇತನ ನಡೆಸುತ್ತಿದೆ. ಎರಡು ತಿಂಗಳ ಒಂದು ಸಣ್ಣ ಸಂಶೋಧನೆ. ಪ್ರಶ್ನೆ ನಿಮ್ಮದು, ಮಾರ್ಗದರ್ಶಕರು ನಿಮ್ಮ ಕಾಲೇಜಿನವರು. ವರದಿ ಒಪ್ಪಿಗೆಯಾದರೆ ಹಣ ಮತ್ತು ಪ್ರಮಾಣಪತ್ರ. ಹಣ ದೊಡ್ಡದಲ್ಲ. ಆದರೆ ಮುಂದೆ ಸಂದರ್ಶನದಲ್ಲಿ "ನೀನು ಏನು ಮಾಡಿದ್ದೀಯ" ಎಂದು ಕೇಳಿದಾಗ ಹೇಳಲು ಒಂದು ಕೆಲಸ ಇರುತ್ತದೆ.

ನಮಗೆ ಗೊತ್ತಿರುವ ಒಬ್ಬ ಹುಡುಗ, ಗೌರಿಬಿದನೂರು ಕಡೆಯವನು, ಬೇರೆ ಊರಿನ ಕಾಲೇಜಿನಲ್ಲಿ ಓದುವಾಗ ಎಸ್‌ಟಿಎಸ್‌ಗೆ ಪ್ರಯತ್ನಪಟ್ಟ. ನಾಲ್ವರು ಪ್ರಾಧ್ಯಾಪಕರ ಹತ್ತಿರ ಹೋದ. ಒಬ್ಬರು ರಜೆಯಲ್ಲಿದ್ದರು, ಇನ್ನೊಬ್ಬರು "ಮೊದಲು ಪಾಸಾಗು" ಅಂದರು, ಉಳಿದಿಬ್ಬರಿಗೆ ಯೋಜನೆಯ ಹೆಸರೇ ಗೊತ್ತಿರಲಿಲ್ಲ. ಕೊನೆ ದಿನಾಂಕ ಹೋಯಿತು. ಅವನ ಛಾನ್ಸ್ ಕಡಿಮೆಯಾದದ್ದು ಅವನ ಅಂಕದಿಂದಲ್ಲ. ಈ ಕಾರಣ ಯಾವ ಲೆಕ್ಕಾಚಾರದ ಆ್ಯಪಿನಲ್ಲೂ ಬರುವುದಿಲ್ಲ.

ನಾಲ್ಕು ಪ್ರಶ್ನೆ

ಹಾಗಾಗಿ ಆ ಹುಡುಗಿಗೆ ನಾವು ಶೇಕಡಾವಾರು ಹೇಳುವುದಿಲ್ಲ. ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆ ಹೇಳುತ್ತೇವೆ.

ಒಂದು, ನಿನ್ನದೇ ಆದ ಪ್ರಶ್ನೆ ಇದೆಯಾ? ನಿಮ್ಮ ಮನೆಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಾರೆ. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ಸಂದಿ ಬಿರುಕು ಬಿಟ್ಟ ಹೆಂಗಸರನ್ನು ನೀನು ಹುಟ್ಟಿದಾಗಿನಿಂದ ನೋಡಿದ್ದೀಯ. ರೇಷ್ಮೆ ಕೆಲಸಗಾರರಲ್ಲಿ ಅಲರ್ಜಿ, ಉಬ್ಬಸ ಕಾಣಿಸುವುದನ್ನು ವೈದ್ಯಕೀಯ ಅಧ್ಯಯನಗಳು ಗುರುತಿಸಿವೆ. ನಿಮ್ಮ ಬೀದಿಯ ಇಪ್ಪತ್ತು ಮನೆಗಳಲ್ಲಿ ಎಷ್ಟು ಜನಕ್ಕೆ ಉಸಿರಿನ ತೊಂದರೆ ಇದೆ, ಕೆಲಸಕ್ಕೆ ಸೇರಿ ಎಷ್ಟು ವರ್ಷಕ್ಕೆ ಶುರುವಾಯಿತು? ಇದನ್ನು ಕೇಳಲು ಬೆಂಗಳೂರಿನ ಹುಡುಗಿಗಿಂತ ನಿನಗೆ ಅನುಕೂಲ ಜಾಸ್ತಿ. ನಿನಗೆ ಬಾಗಿಲು ತೆಗೆಯುತ್ತಾರೆ.

ಎರಡು, ನಿನ್ನ ಕೆಲಸ ಕಣ್ಣಾರೆ ಕಂಡವರು ಯಾರಾದರೂ ನಿನ್ನ ಬಗ್ಗೆ ಎರಡು ಪುಟ ಬರೆಯಬಲ್ಲರಾ? "ಶಿಸ್ತಿನ ವಿದ್ಯಾರ್ಥಿನಿ, ಒಳ್ಳೆಯ ನಡತೆ" ಎನ್ನುವ ಪತ್ರ ಎಲ್ಲರಿಗೂ ಸಿಗುತ್ತದೆ. "ಇವಳು ತಂದ ಲೆಕ್ಕ ತಪ್ಪಾಗಿತ್ತು, ತಾನೇ ಕಂಡುಹಿಡಿದು ಮತ್ತೆ ಮಾಡಿದಳು" ಎನ್ನುವ ಪತ್ರ ಸಿಗಬೇಕಾದರೆ ಒಬ್ಬರ ಹತ್ತಿರ ಒಂದೆರಡು ವರ್ಷ ಕೂತು ಕೆಲಸ ಮಾಡಬೇಕು.

ಮೂರು, ವರ್ಷ ಮತ್ತು ದುಡ್ಡು. 18ಕ್ಕೆ ಸೇರಿದರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷಕ್ಕೆ ಎಂಬಿಬಿಎಸ್. ಪಿಎಚ್.ಡಿ.ಗೆ ಐದು ವರ್ಷ ಇಡು, ಎಂ.ಡಿ.ಗೆ ಮೂರು. ಎಲ್ಲ ಸರಿಯಾಗಿ ನಡೆದರೆ 32ರ ಹತ್ತಿರ. ಅಷ್ಟರಲ್ಲಿ ಜೊತೆಯವರು ನರ್ಸಿಂಗ್ ಹೋಂ ಹಾಕಿರುತ್ತಾರೆ. ಮನೆಯಲ್ಲಿ ಮದುವೆ ಮಾತು ಬಂದಿರುತ್ತದೆ, ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಿಗೆ ಬೇಗ ಬರುತ್ತದೆ. ಅಪ್ಪನ ಸಾಲ ಎಷ್ಟಿದೆ, ತಿಂಗಳಿಗೆ 37 ಸಾವಿರದಲ್ಲಿ ಅದಕ್ಕೆ ಏನಾದರೂ ಉಳಿಯುತ್ತದಾ ಎಂದು ಅಪ್ಪನ ಜೊತೆಗೇ ಕೂತು ಲೆಕ್ಕ ಹಾಕು. ಈ ಲೆಕ್ಕದಲ್ಲಿ ಇಲ್ಲ ಅಂತ ಬಂದರೆ ಅದು ಸೋಲಲ್ಲ. ಎರಡು ವರ್ಷ ದುಡಿದು, ಸಾಲ ತೀರಿಸಿ ಆಮೇಲೂ ಬರಬಹುದು.

ನಾಲ್ಕು, ಆಗದಿದ್ದರೆ ಕೈಯಲ್ಲಿ ಏನು ಉಳಿಯುತ್ತದೆ? ಚಿಂತಾಮಣಿಯ ಆ ರೈತರ ಮಗನ ಕೈಯಲ್ಲಿ ಏನೂ ಉಳಿಯಲಿಲ್ಲ. ಅದೇ ಅನ್ಯಾಯ. ನಿನ್ನ ವಿಷಯ ಹಾಗಲ್ಲ. ಸಂಶೋಧನೆಯ ಸೀಟು ಸಿಗದಿದ್ದರೂ ನೀನು ಡಾಕ್ಟರ್. ಎಸ್‌ಟಿಎಸ್ ಮಾಡಿದ ಎರಡು ತಿಂಗಳು ವ್ಯರ್ಥವಾಗುವುದಿಲ್ಲ, ಇಪ್ಪತ್ತು ಮನೆಯ ಲೆಕ್ಕ ಸುಳ್ಳಾಗುವುದಿಲ್ಲ. ಸೋತರೂ ನಷ್ಟ ಕಡಿಮೆ ಇರುವ ಕಡೆ ಛಾನ್ಸ್ ಕಡಿಮೆ ಇದ್ದರೂ ಕೈ ಹಾಕಬಹುದು. ನಮ್ಮೂರಿನಲ್ಲಿ ಮಕ್ಕಳು ಇದರ ಉಲ್ಟಾ ಮಾಡುತ್ತಾರೆ. ಜಮೀನು ಮಾರಬೇಕಾದ ಕಡೆ ಧೈರ್ಯ ಮಾಡುತ್ತಾರೆ, ಒಂದು ಅರ್ಜಿ ಹಾಕಬೇಕಾದ ಕಡೆ "ನಮಗೆಲ್ಲಿ ಸಿಗುತ್ತೆ" ಅಂದುಬಿಡುತ್ತಾರೆ.

ಎಚ್ಚೆನ್ ಕಥೆ ಹೇಳುವಾಗ

ಇಂಥ ಲೇಖನದಲ್ಲಿ ಎಚ್. ನರಸಿಂಹಯ್ಯನವರ ಹೆಸರು ಬರದಿದ್ದರೆ ಗೌರಿಬಿದನೂರಿನವರು ನಮ್ಮನ್ನು ಬಿಡುವುದಿಲ್ಲ. ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಬಡವರ ಮಗ, 1935ರಲ್ಲಿ ಓದಲೆಂದು ಬೆಂಗಳೂರಿಗೆ ನಡೆದೇ ಹೋದರು. ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು.

ಪಕ್ಕದ ಆಂಧ್ರದ ಎಲ್ಲಾಪ್ರಗಡ ಸುಬ್ಬರಾವ್ ಕಥೆ ಇನ್ನೂ ಹತ್ತಿರದ್ದು. ಭೀಮಾವರದಲ್ಲಿ ಹುಟ್ಟಿದವರು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಹಾರ್ವರ್ಡ್‌ಗೆ ಹೋಗಿ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೂಲಿ ಕೆಲಸ ಮಾಡಿ, 1930ರಲ್ಲಿ ಪಿಎಚ್.ಡಿ. ಪಡೆದರು. ಆನೆಕಾಲು ರೋಗಕ್ಕೆ ಕೊಡುವ ಮಾತ್ರೆ, ಕ್ಯಾನ್ಸರ್‌ಗೆ ಕೊಡುವ ಮೆಥೊಟ್ರೆಕ್ಸೇಟ್, ಇವುಗಳ ಹಿಂದೆ ಅವರ ತಂಡದ ಕೆಲಸ ಇದೆ.

ಈ ಕಥೆಗಳನ್ನು ನಾವು ಪ್ರತಿ ವರ್ಷ ಬರೆಯುತ್ತೇವೆ, ಓದುಗರೂ ಮೆಚ್ಚುತ್ತಾರೆ. ಆದರೆ ಇಲ್ಲೂ ಅದೇ ತಪ್ಪಿದೆ. ನಡೆದು ಬೆಂಗಳೂರಿಗೆ ಹೋಗಿ, ಹಸಿದು, ವಾಪಸ್ ಬಂದು ಹೊಲಕ್ಕಿಳಿದವರ ಕಥೆಯನ್ನು ಯಾರೂ ಬರೆಯಲಿಲ್ಲ. ಒಬ್ಬ ಎಚ್ಚೆನ್ ಗೆದ್ದರು ಎಂದರೆ ದಾರಿ ಚೆನ್ನಾಗಿತ್ತು ಎಂದಲ್ಲ. ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಅವರೇ. ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜು ಬರುವಂತೆ ಮಾಡಿದ್ದು ಅದಕ್ಕೇ. ಮುಂದಿನ ಹುಡುಗ ನಡೆದು ಹೋಗಬಾರದು ಅಂತ.

ಜಿಲ್ಲೆಗೆ ಯಾಕೆ ಬೇಕು

"ಒಬ್ಬ ಹುಡುಗಿ ಪಿಎಚ್.ಡಿ. ಮಾಡಿದರೆ ಜಿಲ್ಲೆಗೆ ಏನು? ನಮಗೆ ಪಿಎಚ್‌ಸಿಯಲ್ಲಿ ಕೂರುವ ಡಾಕ್ಟರ್ ಬೇಕು" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಮಾತು. ಪಿಎಚ್‌ಸಿಗೆ ಡಾಕ್ಟರ್ ಬೇಕೇ ಬೇಕು.

ಆದರೆ ಈ ಜಿಲ್ಲೆಯಲ್ಲಿ ನಾವು ಬರೆಯುವ ಆರೋಗ್ಯದ ಸುದ್ದಿ ನೋಡಿ. ಕೊಳವೆಬಾವಿ ಸಾವಿರ ಅಡಿ ದಾಟಿದೆ, ನೀರಿನಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎನ್ನುವುದು ಮಾನದಂಡ. ಮೀರಿದ ಹಳ್ಳಿಗಳಲ್ಲಿ ಹಲ್ಲು ಕಂದಿದ ಮಕ್ಕಳ ಫೋಟೊ ಹಾಕುತ್ತೇವೆ. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಹೋರಾಟಗಾರರು ಹೇಳುತ್ತಾರೆ, ತೊಂದರೆ ಇಲ್ಲ ಎಂದು ಅಧಿಕಾರಿಗಳು ಹೇಳುತ್ತಾರೆ. ನಾವು ಎರಡೂ ಕಡೆಯ ಹೇಳಿಕೆ ಹಾಕಿ ಸುದ್ದಿ ಮುಗಿಸುತ್ತೇವೆ. ಆರೋಪ ಇರುತ್ತದೆ, ನಿರಾಕರಣೆ ಇರುತ್ತದೆ, ಅಳತೆ ಇರುವುದಿಲ್ಲ. ಅಳತೆ ಮಾಡಲು ಇಲ್ಲಿನ ಜನರನ್ನು ವರ್ಷಗಟ್ಟಲೆ ನೋಡುವ, ಲೆಕ್ಕ ಇಡಬಲ್ಲ ವೈದ್ಯರು ಬೇಕು.

ಗೌರಿಬಿದನೂರಿನ ಪಕ್ಕದಲ್ಲಿ 1960ರ ದಶಕದಿಂದ ಭೂಕಂಪ ಅಳೆಯುವ ಕೇಂದ್ರ ಇದೆ. 1970ರ ದಶಕದಿಂದ ಆಕಾಶದ ರೇಡಿಯೊ ಅಲೆ ಕೇಳುವ ದೂರದರ್ಶಕ ಇದೆ. ಭೂಮಿ ನಡುಗುವುದನ್ನೂ ಸೂರ್ಯನ ಸದ್ದನ್ನೂ ನಮ್ಮ ತಾಲ್ಲೂಕಿನಲ್ಲಿ ಕೂತು ಅಳೆಯುತ್ತಾರೆ. ಶಿಡ್ಲಘಟ್ಟದ ರೀಲಿಂಗ್ ಕೆಲಸದವಳ ಉಸಿರನ್ನು ಅಳೆಯುವುದು ಅದಕ್ಕಿಂತ ಕಷ್ಟದ ಕೆಲಸವಲ್ಲ.

ನಾವು ಮಾಡಬಹುದಾದ್ದು

ಜಿಲ್ಲೆಗೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಮುದ್ದೇನಹಳ್ಳಿಯಲ್ಲಿ 2023ರಲ್ಲಿ ಉಚಿತವಾಗಿ ವೈದ್ಯ ಶಿಕ್ಷಣ ಕೊಡುವ ಕಾಲೇಜು ಶುರುವಾಗಿದೆ. ಜಿಲ್ಲೆಯ ಕಾಲೇಜುಗಳಿಗೆ ನಮ್ಮ ವಿನಂತಿ ಚಿಕ್ಕದು. ಎಸ್‌ಟಿಎಸ್ ಕರೆ ಬಂದ ದಿನ ನೋಟಿಸ್ ಬೋರ್ಡಿಗೆ ಹಾಕಿ. ಯಾವ ಪ್ರಾಧ್ಯಾಪಕರು ಮಾರ್ಗದರ್ಶನಕ್ಕೆ ಸಿದ್ಧ ಎಂದು ಹೆಸರು ಬರೆದು ಅಂಟಿಸಿ. ಎಷ್ಟು ಮಕ್ಕಳು ಅರ್ಜಿ ಹಾಕಿದರು, ಎಷ್ಟು ಮಂದಿಗೆ ಸಿಕ್ಕಿತು ಎಂದು ವರ್ಷಕ್ಕೊಮ್ಮೆ ತಿಳಿಸಿ. ನಾವು ಹಾಕುತ್ತೇವೆ.

ಪಿಯುಸಿ ಮಕ್ಕಳ ತಂದೆತಾಯಿಗೂ ಒಂದು ಮಾತು. ಕೋಚಿಂಗ್ ಬ್ಯಾನರ್ ನೋಡುವ ಮೊದಲು ಮಗುವಿಗೆ ಇರುವ ಹಕ್ಕು ನೋಡಿ. ರಾಜ್ಯದ ಸೀಟುಗಳಲ್ಲಿ ಗ್ರಾಮೀಣ ಮಕ್ಕಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಒಂದರಿಂದ ಹತ್ತನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಬಿಇಒ ಕಚೇರಿ ಮುಂದೆ ಕೊನೆ ದಿನ ಅಳುವ ತಾಯಂದಿರನ್ನು ನಾವು ಸಾಕಷ್ಟು ನೋಡಿದ್ದೇವೆ.

ಇನ್ನು ನಮ್ಮ ಪಾಲು. ಈ ಬ್ಲಾಗಿನಲ್ಲಿ ಬರೆಯುವ, ಓದುವ ಸ್ಟ್ರಿಂಗರ್ ಗೆಳೆಯರೇ, ಈ ಸಲದ ನೀಟ್ ಫಲಿತಾಂಶದ ದಿನ ಯಾವುದೇ ಸಂಸ್ಥೆ "ಇಷ್ಟು ಸೀಟು" ಅಂದರೆ, "ಎಷ್ಟು ಮಕ್ಕಳ ಪೈಕಿ? ಯಾವ ಕೋರ್ಸಿಗೆ? ಎಷ್ಟನೇ ಸಲ ಬರೆದವರು?" ಎಂದು ಕೇಳೋಣ. ಹೇಳದಿದ್ದರೆ "ಹೇಳಲಿಲ್ಲ" ಎಂದು ಬರೆಯೋಣ. ಜಾಹೀರಾತು ಹೋದರೆ ಹೋಗುತ್ತದೆ. ಸುಲಭದ ಮಾತಲ್ಲ, ನಮಗೂ ಮನೆ ಬಾಡಿಗೆ ಇದೆ. ಆದರೂ ಟೊಮೆಟೊ ಮಂಡಿಯಲ್ಲಿ ಇನ್ನೊಬ್ಬರು ನಮ್ಮನ್ನು ಹಾಗೆ ಗುರುತು ಹಿಡಿಯುವುದು ಬೇಡ.

ಹುಡುಗಿಗೆ ಕಳೆದ ಭಾನುವಾರ ಫೋನ್ ಮಾಡಿ ಇಷ್ಟೂ ಹೇಳಿದೆವು. ಸುಮ್ಮನೆ ಕೇಳಿಸಿಕೊಂಡಳು. ಕೊನೆಗೆ, "ಅಂದ್ರೆ ಛಾನ್ಸ್ ಇದೆ ಅಂತಾನೋ ಇಲ್ಲ ಅಂತಾನೋ ಅಣ್ಣಾ?" ಅಂದಳು.

"ಕಮ್ಮಿ ಇದೆ ಕಣಮ್ಮ. ಎಸ್‌ಟಿಎಸ್ ಹಾಕು, ಸ್ವಲ್ಪ ಜಾಸ್ತಿ ಆಗುತ್ತೆ" ಅಂದೆವು.

"ಸರಿ, ನಾಳೆ ನಮ್ಮ ಕಮ್ಯುನಿಟಿ ಮೆಡಿಸಿನ್ ಮೇಡಂನ ಕೇಳ್ತೀನಿ" ಅಂದಳು. ಮೇಡಂ ಏನು ಹೇಳಿದರು ಎಂದು ವಿಚಾರಿಸಿ ಇಲ್ಲೇ ಬರೆಯುತ್ತೇವೆ.